ಗ್ವಾಡಿ ಮೂಲ್ಯಾಗ ಒಂದ್ ಹೆಸರು

ಇವತ್ತ ಸಿಟ್ಟ ಮಾಡಬಾರದು ಅಂತ ದಿನಾ ಮುಂಜಾನೆ ದೇವರಿಗಿ ಕೈ ಮುಗದ ಮನಿ ಬಿಡ್ತೇನಿ. ಗ್ವಾಡಿಗಿ ನಿಚ್ಚಣಿಕಿ ಹಚ್ಚೂದರಾಗ ಯಾವನರ ಒಬ್ಬಾಂವ ಬಂದು ನನ್ನ ತಲಿ ಕೆಡಿಸಿ ಮೊಸರ ಗಡಿಗಿ ಮಾಡೇ ಮಾಡ್ತಾನ. ಕಾಗದದ ಮ್ಯಾಲ ಬರದ್ರ ಓದಾಂವ ಒಬ್ಬ ಇರ್ತಾನ, ಅವನೂ ಸುಮ್ಮನ ಓದ್ತಾನ. ಗ್ವಾಡಿ ಮ್ಯಾಲ ಬರದ್ರ ಇಡೀ ಊರ ಹಿಂದ ನಿಂತು ಶಾಣ್ಯಾತನ ಹೇಳತೈತಿ.

ನಾ ಮಲ್ಲು ಪೇಂಟರ್, ಬಾಗೇವಾಡಿಯಾಂವ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಯಾವ ರಸ್ತಾ ಹಿಡದ್ರೂ ನಾ ಬರದ ಗ್ವಾಡಿ ಸಿಗ್ತಾವ. ಸಿಮೆಂಟು, ಗೊಬ್ಬರ, ಬೀಜ, 'ಗಿಡ ಬೆಳೆಸಿ', 'ನೀರು ಉಳಿಸಿ'. ಅಂಗಡಿ ಬೋರ್ಡ್ ಎಲ್ಲಾ ಫ್ಲೆಕ್ಸಿನ ಮಷಿನ್ ನುಂಗಿ ನೀರ ಕುಡದೈತಿ, ನಮಗ ಉಳದದ್ದು ಗ್ವಾಡಿ ಒಂದ. ಇಷ್ಟ ವರ್ಷ ಮಂದಿ ಹೆಸರು ಬರದು ಬರದು ನನಗೊಂದು ಹುಚ್ಚು ಹತ್ತಿತು. ಕೆಳಗ ಮೂಲ್ಯಾಗ, ಬೆರಳುದ್ದ ಅಕ್ಷರದಾಗ, ನನ್ನ ಹೆಸರೂ ಇರಬೇಕು, ಮತ್ತ ಅದು ಉಳೀಬೇಕು. ಹೊಲ ಕೇಳಿಲ್ಲ, ಪ್ಲಾಟ್ ಕೇಳಿಲ್ಲ, ಒಂದ್ ಹೆಸರು. ಅದಕ್ಕ ಮಂದಿ ನನ್ನ ಎಷ್ಟ ಕಾಡಿದ್ರು ಕೇಳ್ರಿ. ನನ್ನ ಸಿಟ್ಟು ನಮ್ಮ ಅವ್ವಂದು ಅಂತ ಓಣಿ ಮಂದಿ ಅಂತಾರ. ಅವ್ವನ ಸುದ್ದಿ ಆಮ್ಯಾಲ ಬರತೈತಿ.

ಕಲ್ಲು

ಈ ಹುಚ್ಚು ಹತ್ತಿದ್ದು ಮುದ್ದೇಬಿಹಾಳ ಕಡೆ ಒಂದ್ ಹಳ್ಳ್ಯಾಗ. ಅಲ್ಲೊಂದು ಹಳೇ ಕಲ್ಲಿನ ಗುಡಿ ಐತಿ. ಗುಡಿ ಕಮಿಟಿಯವ್ರು ಕೆಲಸ ಐತಿ ಬಾ ಅಂತ ಕರದಿದ್ರು. ಅಲ್ಲಿ ಒಬ್ರು ರಿಟೈರ್ ಆದ ಮಾಸ್ತರು ಗ್ವಾಡ್ಯಾಗಿನ ಶಾಸನದ ಮ್ಯಾಲ ಬೆರಳಾಡಿಸಿ ತೋರಿಸಿದ್ರು: "ನೋಡಪಾ, ಇದು ರಾಜನ ಹೆಸರು. ಇದು ದಾನ ಕೊಟ್ಟಾಂವಂದು. ಕೆಳಗ ಐತಿ ನೋಡು, ಇದು ಕೆತ್ತಿದಾಂವಂದು."

ನನ್ನ ಮೈ ಜುಂ ಅಂತು. ರಾಜನ ಮನಿ ಎಲ್ಲೈತೋ ಯಾರಿಗೂ ಗೊತ್ತಿಲ್ಲ, ಕೆತ್ತಿದಾಂವನ ಹೆಸರು ಇನ್ನೂ ಓದಾಕ ಬರತೈತಿ! ಅವನೂ ನನ್ನಂಥಾ ಕೂಲಿ ಮನಶಾನ. ಹಂಗ ನೋಡಕೋತ ಸರದ್ನಿ, ಪಕ್ಕದಾಗ ಯಾವನೋ ಮಂಗ್ಯಾನ ಮಗ ಕಬ್ಬಿಣದ ಮೊಳಿ ತಗೊಂಡು, ಆ ಅಕ್ಷರದ ಮ್ಯಾಲನ, ಬಾಣ ಚುಚ್ಚಿದ ಎದಿ ಕೊರದಿದ್ದ. ಒಂದಲ್ಲ, ಹತ್ತಿಪ್ಪತ್ತು. ಇವರ ಪ್ರೀತಿ ಬರೂ ಹುಣವಿ ತನಕಾ ಬಾಳಂಗಿಲ್ಲ, ಕೊರದದ್ದು ಮಾತ್ರ ಕಲ್ಲಿನ ಮ್ಯಾಲ.

"ಅದಕ್ಕ ನಿನ್ನ ಕರಸೀವಿ" ಅಂದ್ರು ಕಮಿಟಿ ಅಧ್ಯಕ್ಷರು. "ಕೆಂಪ ಆಯಿಲ್ ಪೇಂಟಿನ್ಯಾಗ ಮೊಳದುದ್ದ ಅಕ್ಷರ ಬರಿ. 'ಈ ಪುರಾತನ ಗೋಡೆಯ ಮೇಲೆ ಯಾರೂ ಏನನ್ನೂ ಬರೆಯಬಾರದು.'"

"ಎಲ್ಲಿ ಬರೀಲ್ರಿ?"

"ಇಲ್ಲೇ, ಈ ಗ್ವಾಡಿ ಮ್ಯಾಲ."

"ಯಪ್ಪಾ, ಬರೀಬ್ಯಾಡ್ರಿ ಅಂತ ಇದರ ಮ್ಯಾಲನ ಬರೀಬೇಕೇನ್ರಿ? ತಗಡಿನ ಬೋರ್ಡಿನ ಮ್ಯಾಲ ಬರದ ನಿಲ್ಲಿಸ್ತೇನಿ."

"ಬೋರ್ಡ್ ಕಳವ ಆಗತೈತೋ ಹುಚ್ಚಪ್ಯಾಲಿ. ಗ್ವಾಡಿ ಯಾರ ಹೊತ್ತಕೊಂಡ ಹೋಗ್ತಾರ?"

ಡಬ್ಬಿ ಬ್ರಶ್ ಕಟ್ಟಕೊಂಡು ಬೈಕೋತ ಬಂದ್ನಿ. ತಿಂಗಳಾದ ಮ್ಯಾಲ ಆ ಹಾದೀಲೆ ಹೋಗಿದ್ನಿ. ಬ್ಯಾರೆ ಪೇಂಟರ ಸಿಕ್ಕಿದ್ದ ಅವರಿಗಿ. ಶಾಸನ ಮುಚ್ಚೂವಂಗ ಕೆಂಪ ಅಕ್ಷರ ಎದ್ದ ನಿಂತಿದ್ವು. ಆ ಪೇಂಟರ ಉಳದ ಬಣ್ಣದ ಡಬ್ಬಿ ಅಲ್ಲೇ ಬಿಟ್ಟ ಹೋಗಿದ್ನಂತ. 'ಬರೆಯಬಾರದು' ಅನ್ನೂದರ ಕೆಳಗ, ಅದ ಕೆಂಪ ಬಣ್ಣದಾಗ, ಬಾಣ ಚುಚ್ಚಿದ ಹೊಸಾ ಎದಿ ಬಂದ ಬಿಟ್ಟಿತ್ತು.

ಮೂರನೇದಾಂವ

ನಮ್ಮ ಕಡೆ ಮನ್ಯಾಗ ಲಗ್ನ ಐತಿ ಅಂದ್ರ ಮುಂದಿನ ಗ್ವಾಡಿಗಿ ಸುಣ್ಣಾ ಹಚ್ಚಿಸಿ, ಬಾಗಲ ಮ್ಯಾಲ ಗಣಪತಿ, ಎಡಕ ಬಲಕ ಆನಿ, ನಡುವ ಮದುಮಕ್ಕಳ ಹೆಸರು ಬರಸ್ತಾರ. ತಾಂಬಾ ಅನ್ನೂ ಊರಾಗ ಒಬ್ರ ಗೌಡ್ರ ಮನಿಗಿ ಕರದಿದ್ರು, ಗಂಡಿನ ಮನಿ. ಮುಂಜಾನಿಂದ ಸಂಜಿತನಕಾ ಕುಂತು ಎರಡ ಆನಿ ಬರದ್ನಿ, ಸೊಂಡಿಲಾಗ ಹಾರ ಹಿಡದದ್ದು. ಮದುಮಕ್ಕಳ ಹೆಸರಿಗಿ ನೆರಳ ಕೊಟ್ಟು, ಹೂವಿನ ಬಳ್ಳಿ ಸುತ್ತಿ, ತಳದಾಗ ಸಣ್ಣಗ 'ಕಲೆ: ಮಲ್ಲು ಪೇಂಟರ್' ಅಂತ ಬರದ್ನಿ.

ಹೆಣ್ಣಿನ ಕಡೆ ಬೀಗರು ಅದ ಹೊತ್ತಿಗಿ ಬರಬೇಕಾ! ಅವರಾಗ ಮದುಮಗಳ ಅಜ್ಜಿ. ಅಕಿಗಿ ಓದಾಕ ಬರಂಗಿಲ್ಲ, ಜೋಡಿ ಬಂದ ಸಣ್ಣ ಮೊಮ್ಮಗಳ ಕಡಿಂದ ಗ್ವಾಡಿ ಓದಿಸಿ ಕೇಳಿದ್ಲು.

"ಹೂಂ, ಇಂವ ಗಂಡು. ಇಕಿ ನಮ್ಮ ಹುಡುಗಿ. ಈ ಮಲ್ಲು ಅನ್ನಾಂವ ಯಾಂವ?"

"ಬರದಾಂವ ಆಯೀ" ಅಂತು ಹುಡುಗಿ.

"ಬರದಾಂವ ಬರದ ಹೋಗ್ಲಿ. ನಮ್ಮ ಹುಡುಗಿ ಹೆಸರಿನ ಬುಡಕ ಪರಗಂಡಸಿನ ಹೆಸರು ಬರಸೀರಿ? ಲಗ್ನ ಎಷ್ಟ ಮಂದಿದು?"

ಎದ್ದಿತ ನೋಡ್ರಿ ಗದ್ದಲ. ಗೌಡ್ರು ನನ್ನ ಕಡೆ ತಿರುಗಿ "ಮೊದಲ ಅಳಸೋ" ಅಂತ ಒದರಿದ್ರು. ನನಗೂ ಅಂಗಾಲಿನ ಸಿಟ್ಟು ನೆತ್ತಿಗೇರಿತು. "ಯಾಕ್ರಿ ಆಯೀ? ಲಗ್ನಪತ್ರದ ಕೆಳಗ ಪ್ರೆಸ್ಸಿನವನ ಹೆಸರು ಇರತೈತೆಲ್ಲಾ, ಅದನ್ಯಾರೂ ಕೇಳಂಗಿಲ್ಲ?" ಅಂದ್ನಿ. ಬಾಯಿ ಮುಚ್ಚಿಸೇನಿ ಅಂತ ಖುಷಿ ನನಗ.

ಆಯಿ ದಿಟ್ಟಿಸಿ ನೋಡಿದ್ಲು. "ಹೌದೇನು? ಹಂಚೂ ಪತ್ರ ಎಷ್ಟ ಉಳದಾವ? ಎಲ್ಲಾ ತಗೊಂಬರ್ರಿ ಇಲ್ಲಿ."

ನಾ ಗ್ವಾಡಿ ಮ್ಯಾಲಿನ ನನ್ನ ಹೆಸರು ಅಳಸೂ ತನಕಾ, ಬೀಗರ ಹೆಣಮಕ್ಕಳು ಕಟ್ಟಿ ಮ್ಯಾಲ ಸಾಲಾಗಿ ಕುಂತು, ಲಗ್ನಪತ್ರದಾಗಿನ ಪ್ರೆಸ್ಸಿನವನ ಹೆಸರು ಪೆನ್ನಿಲೆ ಹೊಡದ ಹಾಕಾಕತ್ತಿದ್ರು.

ನಿಚ್ಚಣಿಕಿ

ಸಿಂದಗಿ ಕಡೆ ಒಂದ್ ಸಾಲಿ. ಹೆಡ್‌ಮಾಸ್ತರು "ಇಡೀ ಸಾಲಿನ್ನ ರೈಲಗಾಡಿ ಮಾಡು" ಅಂದ್ರು. ಮಾಡಿದ್ನಿ. ಒಂದೊಂದ್ ಕ್ಲಾಸು ಒಂದೊಂದ್ ಡಬ್ಬಿ, ಆಫೀಸ್ ರೂಮು ಇಂಜಿನ್. ಹುಡುಗರು ಕ್ಲಾಸಿನ ಒಳಗ ಹೋಗಬೇಕಾದ್ರ 'ಕೂ' ಅನಕೋತ ಹೋಗ್ತಿದ್ವು. ಇಂಜಿನ್ನಿನ ಮೂಲ್ಯಾಗ ನನ್ನ ಹೆಸರು ಬರಿಯಾಕ ಬ್ರಶ್ ಎತ್ತಿದ್ನಿ.

"ತಡಿ ತಡಿ, ಅಲ್ಲಿ ದಾನಿಗಳ ಹೆಸರು ಬರಬೇಕು" ಅಂತ ಹೆಡ್‌ಮಾಸ್ತರು ಚೀಟಿ ಕೊಟ್ರು. ಬಣ್ಣ ಕೊಟ್ಟಾಂವ, ಸುಣ್ಣಾ ಕೊಟ್ಟಾಂವ, ಬಕೀಟ ಕೊಟ್ಟಾಂವ, ಎರಡ ಹೊತ್ತು ಚಾ ಕಳಸಿದಾಂವ, ಎಲ್ಲಾರೂ 'ಶ್ರೀಯುತ'ರ. ಇಂಜಿನ್ ತುಂಬಿತು, ಗಾಲಿ ತುಂಬಿದ್ವು, ಉಳದ ಹೆಸರು ಹೊಗಿ ಮ್ಯಾಲ ಹತ್ತಿಸಿದ್ನಿ. ಕಡೀ ಹೆಸರಿಗಿ ಬಂದ್ನಿ, 'ಏಣಿ ನೀಡಿದವರು, ಶ್ರೀಯುತ' ಅಂತಿತ್ತು.

ನನ್ನ ಪಿತ್ತ ನೆತ್ತಿಗೇರಿತು. "ಸರ್ರ, ನಿಚ್ಚಣಿಕಿ ಕೊಟ್ಟಾಂವನ ಹೆಸರು ಐತಿ. ನಿಚ್ಚಣಿಕಿ ಹತ್ತಿದಾಂವಂದು ಇಲ್ಲೇನ್ರಿ?"

ಹೆಡ್‌ಮಾಸ್ತರು ಭಾಳ ಸಮಾಧಾನದಿಂದ ತಿಳಿಸಿ ಹೇಳಿದ್ರು: "ಸಿಟ್ಟಾಗಬ್ಯಾಡೋ ಮಲ್ಲೂ. ಅವರೆಲ್ಲಾ ದಾನಾ ಮಾಡ್ಯಾರ. ನೀ ಏನ ಮಾಡೀದಿ? ಬರೇ ಕೆಲಸಾ."

ಓದುಗ

ಇಂಡ್ಯಾಗ ಒಬ್ಬ ಸಾವುಕಾರನ ಗೋದಾಮದ ಗ್ವಾಡಿ. ಬರೂ ಹೋಗೂ ಮಂದಿ ಅದನ್ನ ಯಾತಕ್ಕ ಬಳಸ್ತಿದ್ರು ಅಂತ ನಾ ಹೇಳಬೇಕಾಗಿಲ್ಲ, ನಿಮ್ಮ ಮೂಗಿಗಿ ಕೇಳ್ರಿ. ಸಾವುಕಾರ "ಸಾಲಾಗಿ ದೇವರ ಬರಿ, ಹೆದರಿ ಬಿಡ್ತಾರ" ಅಂದ. "ದೇವರನ್ನ ಇಂಥಾ ವಾಸನ್ಯಾಗ ಕಾವಲಿಗಿ ನಿಲ್ಲಸಬ್ಯಾಡ್ರಿ" ಅಂತ ಹೇಳಿ, 'ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು' ಅಂತ ಬರದ್ನಿ. ಹೆದರಕೋತ ಕೇಳಿದ್ನಿ, "ಕೆಳಗ ನನ್ನ ಹೆಸರು ಬರಕೊಳ್ಳಲೇನ್ರಿ?"

"ಬರ್ಕೋ, ಬರ್ಕೋ. ಬೇಕಾದಷ್ಟ ದೊಡ್ಡದು ಬರ್ಕೋ."

ಜೀವನದಾಗ ಮೊದಲ ಸಲ ಒಬ್ಬಾಂವ ಹೂಂ ಅಂದಿದ್ದ! ಬರದು, ಎದುರಿನ ಚಾದಂಗಡ್ಯಾಗ ಕುಂತು ಅದನ್ನ ನೋಡಕೋತ ಚಾ ಕುಡಿಯಾಕತ್ತಿದ್ನಿ. ಬಣ್ಣ ಇನ್ನೂ ಆರಿಲ್ಲ, ಧೋತರದಾಂವ ಒಬ್ಬ ಬಂದು ಗ್ವಾಡಿ ಮುಂದ ನಿಂತ. ಕಪ್ಪು ಬಸಿ ಅಲ್ಲೇ ಬಿಟ್ಟು ಓಡಿದ್ನಿ.

"ಏ ಕಾಕಾ! ಕಣ್ಣ ಕಾಣಂಗಿಲ್ಲೇನು? ಓದಾಕ ಬರಂಗಿಲ್ಲೇನು?"

ಅಂವ ಗಡಿಬಿಡಿ ಇಲ್ಲದ ಹೇಳಿದ. "ಯಾಕ ಬರಂಗಿಲ್ಲೋ ತಮ್ಮಾ? ಅಕ್ಷರ ಭಾಳ ಛಂದ ಅದಾವ. ಓದಕೋತ ನಿಂತ್ನಿ. ನಿಂತ ಮ್ಯಾಲ ಅವಸರಾ ಆತು. ಮಲ್ಲು ಅಂದ್ರ ನೀನ ಏನು? ಕೆಳಗಿಂದೂ ಓದೇನಿ."

ಓದೂದೇನು, ತೊಳದ ಬಿಟ್ಟಿದ್ದ.

ಸುಣ್ಣಾ

ಈಗ ನಮ್ಮ ಬಾಗೇವಾಡಿ ಸುದ್ದಿ. ಒಂದ್ ಸರಕಾರಿ ಆಫೀಸಿನ ಕಂಪೌಂಡು. ಯಾವ ಆಫೀಸು ಅಂತ ಹೇಳಂಗಿಲ್ಲ, ನಾಳೆ ಮತ್ತ ಅಲ್ಲೇ ಕೆಲಸ ಕೇಳಬೇಕು. ಅಲ್ಲಿದ್ದ ಹಳೇ ಸಾಹೇಬ್ರು ರಿಟೈರ್ ಆಗೂಕಿಂತ ಮೊದಲ ನನ್ನ ಕರದು, "ನಿನ್ನ ಮನಸ್ಸಿಗಿ ಬಂದದ್ದು ಬರಿ, ನಿನ್ನ ಹೆಸರೂ ಹಾಕ್ಕೋ" ಅಂದ್ರು.

ಇಪ್ಪತ್ತ ದಿನ ಬರದ್ನಿ. ಹಿಂದ ಕೃಷ್ಣಾ ಹೊಳಿ, ಮುಂದ ಜೋಡಿ ಎತ್ತು, ನಡುವ ಕಣದಾಗ ಜ್ವಾಳಾ ತೂರೂ ಹೆಣಮಗಳು. ಮಕಾ ನಮ್ಮ ಅವ್ವಂದು. ಅವ್ವ ನೋಡಾಕ ಬಂದ್ಲು. "ನನ್ನ ಮೂಗ ಇಷ್ಟ ದೊಡ್ಡದೈತೇನೋ?" ಅಂತ ಬೈದ್ಲು. ಆಮ್ಯಾಲ ಯಾರೂ ನೋಡವಲ್ರು ಅಂತ ತಿಳದು, ಗ್ವಾಡಿ ಮ್ಯಾಲಿನ ಧೂಳ ಸೆರಗಿಲೆ ಒರಸಿದ್ಲು. ನಾ ನೋಡಿದ್ನಿ.

ಆರ ತಿಂಗಳು. ಆರ ತಿಂಗಳದಾಗ ಎತ್ತಿನ ಮೈ ಮ್ಯಾಲ ಮೂಲವ್ಯಾಧಿ ಡಾಕ್ಟರನ ಜಾಹೀರಾತು, ಹೊಳ್ಯಾಗ ಕೋಚಿಂಗ್ ಕ್ಲಾಸಿನ ಪೋಸ್ಟರು, ಕಣದ ತುಂಬ ಬಾಣ ಚುಚ್ಚಿದ ಎದಿ. ಅವ್ವನ ಸೀರಿ ಮ್ಯಾಲ ಗುಟಕಾ ಉಗಳಿದ್ರು. ನಮ್ಮ ಮಂದಿಗಿ ಖಾಲಿ ಗ್ವಾಡಿ ಕಂಡ್ರ ಕೈ ಕಡೀತಾವ, ಛಂದ ಗ್ವಾಡಿ ಕಂಡ್ರ ಬಾಯಿ ಕಡೀತೈತಿ. ಮೂಲ್ಯಾಗ ಹೂವ ಮಾರಾಕಿ ಕುಂಡ್ರತಿದ್ಲು, ಹಂಗಾಗಿ ಅಲ್ಲಿ ಬರದ ನನ್ನ ಹೆಸರು, ಊರು ಅಷ್ಟ ಸ್ವಚ್ಛ ಉಳದಿದ್ವು.

ಅದ ಕುತ್ತು ತಂತು. ಹೊಸಾ ಸಾಹೇಬ್ರು ಮೈಸೂರ ಕಡಿಯವ್ರು. ಬಂದ ವಾರದಾಗ ನನಗ ನೋಟೀಸು. 'ಸರ್ಕಾರಿ ಗೋಡೆಯನ್ನು ವಿರೂಪಗೊಳಿಸಿದ್ದಕ್ಕೆ ಕಾರಣ ತಿಳಿಸಿ.' ಎತ್ತಿಗಿ ಜ್ವರಾ ಬಂದ್ರ ಎಮ್ಮಿಗಿ ಬರಿ ಹಾಕಿದಂಗ! ಕುದಕೋತ ಆಫೀಸಿಗಿ ಹೋದ್ನಿ. "ಸಾಹೇಬ್ರ, ಇಷ್ಟ ಮಂದಿ ಹೊಲಸ ಮಾಡ್ಯಾರ, ನಾ ಒಬ್ಬನ ಸಿಕ್ನೇನ್ರಿ?"

"ಎಲ್ಲಾ ಹುಡುಕಿದ್ವಿ ಕಣ್ರೀ" ಅಂದ್ರು ಸಾಹೇಬ್ರು. "ಹೆಸರು, ಊರು ಎರಡೂ ಬರೆದು ಒಪ್ಕೊಂಡಿರೋರು ನೀವೊಬ್ರೇ."

ಬಾಜೂಕಿನ ಕ್ಲಾರ್ಕ್ "ಅಂವ ಪೇಂಟರ್ರಿ ಸರ್" ಅಂದ. ಸಾಹೇಬ್ರ ಮಕಾ ಅರಳಿತು. "ಪೇಂಟರಾ? ಒಳ್ಳೇದೇ ಆಯ್ತು. ನಾಳೆನೇ ಎಲ್ಲಾದಕ್ಕೂ ಸುಣ್ಣ ಹೊಡೆದುಬಿಡಿ."

ಹೊಡದ್ನಿ. ಎತ್ತು, ಹೊಳಿ, ಕಣ, ಎಲ್ಲಾ ಮುಚ್ಚಿದ್ನಿ. ಅವ್ವನ ಮಕಾ ಕಡೀಕ ಇಟಗೊಂಡು, ನನ್ನ ಮಾರಿ ಆ ಕಡೆ ತಿರುಗಿಸಿ ಬಳದ್ನಿ. ಭಾಳ ಸಂಕಟ ಆತ್ರಿ. ಆಮ್ಯಾಲ ಬಂದ ಸಿಟ್ಟು ಏನ ಕೇಳ್ತೀರಿ! ಸುಣ್ಣಾ ಆರೂ ತನಕಾ ಕಾದು, ಬೆಳ್ಳನ ಗ್ವಾಡಿ ನಟ್ಟನಡುವ ಕರೇ ಬಣ್ಣದಾಗ ಮೊಳದುದ್ದ ಬರದ್ನಿ. 'ಮಲ್ಲು, ಬಾಗೇವಾಡಿ.' ಸುಣ್ಣಾನರ ನಂದ ಅಲ್ಲೇನು?

ಊರಾಗ ಇಲೆಕ್ಷನ್ ಹತ್ತರ ಬಂದಿತ್ತು. ನಮ್ಮ ಕಡೆ ನಿಲ್ಲಾಂವ ಮೊದಲ ಮಾಡೂ ಕೆಲಸ ಗ್ವಾಡಿ ಹಿಡಿಯೂದು. ಸುಣ್ಣಾ ಬಳದು ನಡುವ ಬರೇ ಹೆಸರು ಬರದ ಬಿಡ್ತಾರ. ಅಂಥಾ ಗ್ವಾಡಿ ನಾನ ಎಷ್ಟೋ ಬಳದೇನಿ, ಸಿಟ್ಟಿನ್ಯಾಗ ನೆನಪಾಗಲಿಲ್ಲ. ಮರುದಿನ ಚಾದಂಗಡಿಯಾಂವ ಚಾದ ರೊಕ್ಕಾ ತಗೊಳ್ಳಲಿಲ್ಲ. "ಮಲ್ಲಣ್ಣಾ, ನಮಗೊಂದ್ ಮಾತ ಹೇಳಬಾರದೇನು? ಯಾವ ಪಕ್ಷ?" ಅಂದ. ಹೂವಿನಾಕಿ "ನಮ್ಮ ಮನ್ಯಾಗ ಐದ ವೋಟ ಅದಾವ ನೋಡಪಾ" ಅಂದ್ಲು.

ಮಧ್ಯಾಹ್ನ ನಮ್ಮ ವಾರ್ಡಿನ ಮೆಂಬರು ಶಾಲು ಹಿಡಕೊಂಡು ಮನಿಗೇ ಬಂದ. ಎಲ್ಲಾ ಸಲಾ ಆರಿಸಿ ಬರೂ ಮನಶಾ. "ಮಲ್ಲೂ, ನಮ್ಮ ನಿಮ್ಮ ಮನಿತನ ಇಷ್ಟ ಚಲೋ ಐತಿ. ನೀ ಯಾಕ ನಿಲ್ಲಾಕತ್ತೀಯೋ? ಏನ ಬೇಕ ಕೇಳು."

ನಾ ನಿಂತಿಲ್ಲ ಅನ್ನಾಕ ಬಾಯಿ ತೆರದ್ನಿ. ಒಳಗಿಂದ ಅವ್ವ ಹೊರಗ ಬಂದ್ಲು.

"ಆ ಗ್ವಾಡಿ ಬೇಕಪಾ. ನನ್ನ ಮಗ ಮತ್ತ ಚಿತ್ರಾ ಬರೀತಾನ, ಕೆಳಗ ತನ್ನ ಹೆಸರು ಹಾಕ್ತಾನ. ಯಾರೂ ಕೈ ಹಚ್ಚಬಾರದು, ಉಗಳಬಾರದು. ಅಷ್ಟ ಮಾಡಿದ್ರ ಅಂವ ನಿಲ್ಲಂಗಿಲ್ಲ."

"ಅಷ್ಟ ಏನು ಯವ್ವಾ?" ಅಂದ ಮೆಂಬರು. ಅವತ್ತ ಸಾಹೇಬ್ರ ಕಡೆ ಹೋಗಿ ಮಾತಾಡಿ ಒಪ್ಪಿಸಿದ. ನಾ ಮತ್ತ ಇಪ್ಪತ್ತ ದಿನ ಬರದ್ನಿ. ಮೂಗ ಸ್ವಲ್ಪ ಸಣ್ಣದ ಮಾಡಿದ್ನಿ. ಕಡೀ ದಿನ ಅವ್ವ ಬಂದು ಎದುರಿನ ಕಟ್ಟಿ ಮ್ಯಾಲ ಕುಂತಿದ್ಲು. ಮೂಲ್ಯಾಗ ಹೆಸರು ಬರಿಯಾಕ ಬ್ರಶ್ ಅದ್ದಿದ್ನಿ, ಮೆಂಬರನ ಕಡಿಯಾಂವ ಒಬ್ಬ ಓಡಕೋತ ಬಂದ. ಕೈಯಾಗ ಚೀಟಿ.

"ಅಣ್ಣಾ, ತಡಿ. ಅಲ್ಲಿ ಮೆಂಬರ ಹೆಸರು ಬರೀಬೇಕಂತ. 'ಈ ಚಿತ್ರ ಇವರ ಕೊಡುಗೆ' ಅಂತ."

ಬಾಯಿಗಿ ಬಂದ ಬೈಗಳ ಹೊರಗ ಬರೂಕಿಂತ ಮೊದಲ, ಹಿಂದಿಂದ ಅವ್ವನ ಧನಿ ಬಂತು. ಇಡೀ ಬಜಾರಕ ಕೇಳೂವಂಗ.

"ಮಲ್ಲೂ, ಬ್ರಶ್ ಕೆಳಗಿಡು. ಹೊಸಾ ಅಂಗಿ ಹಾಕ್ಕೊಂಡ ಬಾ. ನಾಮಪತ್ರ ಎಲ್ಲಿ ತಗೋತಾರ ಕೇಳಕೋತ ಹೋಗೂಣು."

ಆ ಮನಶಾ ಚೀಟಿ ಮಡಚಿ ಕಿಸೇದಾಗ ಇಟ್ಟಕೊಂಡ. ಅವ್ವನ ಮಾರಿ ನೋಡಿದ, ನನ್ನ ಮಾರಿ ನೋಡಿದ.

"ಬರ್ಕೋ ಅಣ್ಣಾ" ಅಂದ. "ಬೇಕಾದಷ್ಟ ದೊಡ್ಡದು ಬರ್ಕೋ."