ಶುಕ್ರವಾರದ ಚೋಕು

ಗಲ್ಫ್ ಬಿಟ್ಟು ಊರಿಗೆ ಹೊರಟವರು ತಮ್ಮ ಸಾಮಾನನ್ನೆಲ್ಲ ಪರಿಚಯದವರಿಗೆ ಹಂಚಿ ಹೋಗುವುದು ಅಬುಧಾಬಿಯ ವಾಡಿಕೆ. ಒಬ್ಬರಿಗೆ ವಾಷಿಂಗ್ ಮಷೀನು, ಇನ್ನೊಬ್ಬರಿಗೆ ಮನಿಪ್ಲಾಂಟು, ಮತ್ತೊಬ್ಬರಿಗೆ ಮೀನಿನ ತೊಟ್ಟಿ. ನಿರಂಜನನ ಪಾಲಿಗೆ ಬಂದದ್ದು ಕಾರು. ಆಫೀಸಿನ ಮುದಿ ಇಂಜಿನಿಯರ್ ರುಡೊಲ್ಫ್ ನಿವೃತ್ತನಾಗಿ ಹೊರಟಾಗ ತನ್ನ ಎಪ್ಪತ್ತರ ದಶಕದ ಹಸಿರು ಜರ್ಮನ್ ಕಾರಿನ ಕೀಲಿಯನ್ನು ಇವನ ಅಂಗೈಯಲ್ಲಿಟ್ಟು ಕಣ್ಣೊರೆಸಿಕೊಂಡ. ಅಳುವ ಗಂಡಸಿನೆದುರು ಬೇಡ ಅನ್ನುವುದು ಹೇಗೆಂದು ನಿರಂಜನನಿಗೆ ತಿಳಿಯಲಿಲ್ಲ. ಆ ಒಂದು ದಾಕ್ಷಿಣ್ಯಕ್ಕೆ ಎರಡು ವರ್ಷದಿಂದ ತನ್ನ ರಜೆಯ ಶುಕ್ರವಾರಗಳನ್ನೆಲ್ಲ ತೆತ್ತಿದ್ದ.

ಕಾರಿನಲ್ಲಿ ಚೋಕು ಒಂದನ್ನು ಬಿಟ್ಟರೆ ಎಲ್ಲವೂ ಸರಿಯಿತ್ತು. ತಣ್ಣಗಿರುವ ಇಂಜಿನ್ನು ಹೊತ್ತಿಕೊಳ್ಳಬೇಕಾದರೆ ಗಾಳಿ ಕಡಿಮೆ, ಪೆಟ್ರೋಲು ಜಾಸ್ತಿ ಬೇಕು. ಅದಕ್ಕಾಗಿ ಗಾಳಿಗೆ ಅಡ್ಡ ನಿಲ್ಲುವ ಪುಟ್ಟ ಬಾಗಿಲೇ ಚೋಕು. ಈ ಕಾರಿನಲ್ಲಿ ಆ ಬಾಗಿಲನ್ನು ಒಂದು ಸುರುಳಿ ಪಟ್ಟಿ ಚಳಿ ಸೆಖೆ ನೋಡಿಕೊಂಡು ತಾನಾಗಿಯೇ ಮುಚ್ಚಿ ತೆರೆಯಬೇಕು. ಜರ್ಮನಿಯ ಚಳಿಗೆ ಹುಟ್ಟಿದ ಆ ಸುರುಳಿ ಅಬುಧಾಬಿಯ ಬಿಸಿಲಲ್ಲಿ ಬುದ್ಧಿ ಕಳೆದುಕೊಂಡಿತ್ತು. ಮುಚ್ಚಬೇಕಾದಾಗ ತೆರೆಯುವುದು, ತೆರೆಯಬೇಕಾದಾಗ ಮುಚ್ಚಿಕೊಂಡು ಕಪ್ಪು ಹೊಗೆ ಉಗುಳುವುದು.

ಜನವರಿಯ ಆ ಶುಕ್ರವಾರ ಮಾತ್ರ ಇದಕ್ಕೆಲ್ಲ ಖಲಾಸ್ ಹೇಳುವ ದಿನ. ದುಬೈನ ಕರಾಮದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಭಟ್ಕಳದ ಝಿಯಾಉದ್ದೀನ್ ಸಾಹೇಬರು ನಮಾಜು ಮುಗಿಸಿ ಕಾರು ನೋಡಲು ಅಲ್ಲಿಂದ ಬರುವವರಿದ್ದರು. ಅವರದು ಒಂದೇ ಷರತ್ತು, ತಣ್ಣಗಿರುವ ಇಂಜಿನ್ನು ಅವರ ಕಣ್ಣೆದುರು ಸ್ಟಾರ್ಟ್ ಆಗಬೇಕು.

"ಇವತ್ತು ಆ ಪೀಡೆ ತೊಲಗದಿದ್ರೆ ನೀವೂ ಅದರ ಜೊತೆ ಪಾರ್ಕಿಂಗಲ್ಲೇ ಮಲಗಿ," ಎಂದಳು ಹೆಂಡತಿ ಹಿತಾ.

"ಸಂಜೆ ಬೀಚಿಗೆ ಹೋಗೋಣ ಪುಟ್ಟಿ, ಪ್ರಾಮಿಸ್," ಎಂದ ನಿರಂಜನ ಮಗಳಿಗೆ.

ಏಳು ವರ್ಷದ ಮಗಳು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಯೂ ಸೇ ದಟ್ ಎವ್ರಿ ಫ್ರೈಡೇ, ಅಪ್ಪಾ."

ಆ ಮಾತು ನಿರಂಜನನಿಗೆ ನಿಜಕ್ಕೂ ನೋವು ಕೊಟ್ಟಿತು. ಕಾರು ಹೋಗಲಿ ಬಿಡಲಿ, ಶುಕ್ರವಾರ ತನಗೆ ವಾಪಸ್ಸು ಬಂದರೆ ಸಾಕಾಗಿತ್ತು.

ಕೆಳಗಿಳಿದರೆ ಕಟ್ಟಡದ ಹಿಂದಿನ ಮರಳು ಮೈದಾನದಲ್ಲಿ ಸಮಿತಿ ಆಗಲೇ ಸೇರಿತ್ತು. ನಾಲ್ಕನೇ ಮಹಡಿಯ ಮುನಿಸ್ವಾಮಿ, ಬ್ಯಾಂಕಿನ ಕಂಪ್ಯೂಟರ್ ವಿಭಾಗದವನು, ಇಡೀ ವಾರ ಇಂಟರ್ನೆಟ್ಟಿನಲ್ಲಿ ಚೋಕುಗಳ ಬಗ್ಗೆಯೇ ಓದಿದ್ದ. ಪಕ್ಕದ ಫ್ಲಾಟಿನ ವ್ಯಾಲೆಂಟೈನ್ ಮಂಗಳೂರಿನವನು, ಲಿಫ್ಟ್ ರಿಪೇರಿ ಮಾಡುವವನು. ಮೇಲೆ ಕೆಳಗೆ ಹೋಗುವ ಯಾವುದನ್ನೂ ಸರಿಮಾಡಬಲ್ಲೆ ಎಂದು ನಂಬಿದ್ದ. ಇಬ್ಬರನ್ನೂ ಯಾರೂ ಕರೆದಿರಲಿಲ್ಲ.

"ಎಲೆಕ್ಟ್ರಿಕ್ ಚೋಕ್ ಹಾಕ್ಬಿಡೋಣ ಗುರೂ," ಎಂದ ಮುನಿಸ್ವಾಮಿ, ತರಿಸಿಟ್ಟಿದ್ದ ಡಬ್ಬಿ ತೋರಿಸುತ್ತ. "ಒಂದು ವೈರು. ಕರೆಂಟು ಸುರುಳಿನ ಕಾಯಿಸ್ತದೆ, ಬಾಗಿಲು ತಾನೇ ತೆಗೀತದೆ."

"ಎಂತ ಕರೆಂಟು ಮಾರಾಯ್ರೆ! ಕೈಚೋಕು ಹಾಕುವ. ಒಂದು ಕೇಬಲ್, ಒಂದು ಗುಂಡಿ. ಎಳೆದ್ರೆ ಮುಚ್ತದೆ, ದೂಡಿದ್ರೆ ತೆರೀತದೆ. ಮುಗೀತಲ್ಲ?" ಎಂದ ವ್ಯಾಲೆಂಟೈನ್.

ನಿರಂಜನ ಇಬ್ಬರಿಗೂ ತಲೆಯಾಡಿಸಿದ. ಒಬ್ಬರಿಗೆ ಹೂಂ ಅಂದರೆ ಇನ್ನೊಬ್ಬರಿಗೆ ಬೇಜಾರು.

ಡಬ್ಬಿ ತಂದಿದ್ದ ಮುನಿಸ್ವಾಮಿಗೆ ಮೊದಲ ಅವಕಾಶ ಸಿಕ್ಕಿತು. ಅರ್ಧ ಗಂಟೆ ಬಾನೆಟ್ಟಿನೊಳಗೆ ತಲೆಹಾಕಿ ವೈರು ಜೋಡಿಸಿದ. ನಿರಂಜನ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದ, ಇಂಜಿನ್ನು ಹೊತ್ತಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟುವಷ್ಟರಲ್ಲಿ ಕಪ್ಪು ಹೊಗೆ ಬಿಟ್ಟು ಕೆಮ್ಮಿತು. ಗಾಬರಿಯಲ್ಲಿ ನಿರಂಜನನ ಕೈ ಹಾರ್ನ್ ಮೇಲೆ ಬಿತ್ತು, ಅಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. ಕೈ ತೆಗೆದರೆ ನಿಧಾನಕ್ಕೆ ಮತ್ತೆ ಕೆಮ್ಮು. ಮುನಿಸ್ವಾಮಿ ವೈರನ್ನು ಹಾರ್ನಿಗೆ ಜೋಡಿಸಿಬಿಟ್ಟಿದ್ದ. ಹಾರ್ನ್ ಒತ್ತಿ ಹಿಡಿದರೆ ಮಾತ್ರ ಚೋಕಿಗೆ ಕರೆಂಟು.

"ಹಿಡ್ಕೋ, ಬಿಡ್ಬೇಡ!" ಎಂದು ಮುನಿಸ್ವಾಮಿ ಕೂಗಿದ. ರಜೆಯ ಬೆಳಿಗ್ಗೆ ಟೂರಿಸ್ಟ್ ಕ್ಲಬ್ ಏರಿಯಾದ ಆ ಓಣಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದವು. ನಾಲ್ಕೈದು ಭಾಷೆಗಳಲ್ಲಿ ಬೈಗುಳಗಳು ಕೇಳಿಬಂದವು. ಕಾವಲುಗಾರ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದ. ಕಿತ್ತ ಚೋಕು, ವೈರು ಎರಡೂ ಡಬ್ಬಿಗೆ ಸೇರಿದವು.

ಈಗ ವ್ಯಾಲೆಂಟೈನನ ಸರದಿ. ಲಿಫ್ಟಿನ ಪೆಟ್ಟಿಗೆಯಿಂದ ಯಾವುದೋ ದಪ್ಪ ಕೇಬಲ್ ತೆಗೆದು, ಸುರುಳಿಯನ್ನು ಬಿಚ್ಚಿ ಆ ಜಾಗಕ್ಕೆ ಒಂದು ಸನ್ನೆಗೋಲು ಕೂರಿಸಿ, ಆಷ್‌ಟ್ರೇ ಇದ್ದ ತೂತಿನಿಂದ ಕೇಬಲಿನ ತುದಿಯನ್ನು ಹೊರಗೆಳೆದ. ಹಿಡಿಯಲು ಗುಂಡಿ ಇರಲಿಲ್ಲ.

"ಮನೆಯಲ್ಲಿ ಎಂತಾದ್ರೂ ಉಂಟಾ ನೋಡಿ."

ನಿರಂಜನ ಮೇಲೆ ಹೋಗಿ, ಹಿತಾ ಸ್ನಾನಕ್ಕೆ ಹೋಗಿದ್ದು ನೋಡಿ, ಸಾರಿನ ಪಾತ್ರೆಯ ಮುಚ್ಚಳದ ಕರಿ ಗುಂಡಿಯನ್ನು ಬಿಚ್ಚಿ ತಂದ. ಅವಳ ಅಮ್ಮ ಕೊಟ್ಟ ಪಾತ್ರೆ ಅದು. ಗುಂಡಿ ಅಳತೆ ತೆಗೆದು ಮಾಡಿಸಿದಂತೆ ಕೂತಿತು.

ಕೇಬಲ್ ಮಾತ್ರ ಲಿಫ್ಟಿನಷ್ಟೇ ಬಿಗಿ. ವ್ಯಾಲೆಂಟೈನ್ ಎಳೆದ, ಹೊತ್ತಲಿಲ್ಲ. ಮುನಿಸ್ವಾಮಿ ಎಳೆದ, ಕೆಮ್ಮಿ ಸತ್ತಿತು. ಬೇಸತ್ತ ನಿರಂಜನ ಸೀಟಿನಲ್ಲಿ ಕುಸಿದು ಗುಂಡಿಯನ್ನು ಪೂರ್ತಿ ಎಳೆದು, ಎರಡು ಬೆರಳಷ್ಟು ಬಿಟ್ಟು, ಅದು ಜಾರದಂತೆ ಮೊಣಕಾಲು ಕೊಟ್ಟು, ನಿಟ್ಟುಸಿರು ಬಿಡುತ್ತ ಕೀಲಿ ತಿರುಗಿಸಿದ. ಕಾರು ಬೆಕ್ಕಿನ ಹಾಗೆ ಗುರುಗುಟ್ಟಿತು.

ಆರಿಸಿ ಮತ್ತೆ ಮಾಡಿದ. ಮತ್ತೆ ಹೊತ್ತಿತು. ಹಾಗೇ ನೋಡಿ ಕಲಿತು ಮುನಿಸ್ವಾಮಿ ಮಾಡಿದರೆ ಇಲ್ಲ, ವ್ಯಾಲೆಂಟೈನ್ ಮಾಡಿದರೆ ಇಲ್ಲ.

"ನಿಮ್ಮ ಕೈಗುಣ ಮಾರಾಯ್ರೆ," ಎಂದ ವ್ಯಾಲೆಂಟೈನ್. ಎರಡು ವರ್ಷದಲ್ಲಿ ಮೊದಲ ಬಾರಿ ನಿರಂಜನನಿಗೆ ಎದೆ ಉಬ್ಬಿತು.

ಸಾಹೇಬರು ಮಧ್ಯಾಹ್ನ ಮಗ ಝಯ್ಯಾನನ ಕಾರಿನಲ್ಲಿ ಬಂದಿಳಿದರು. ಮೊದಲು ಮಾಡಿದ ಕೆಲಸ ಬಾನೆಟ್ಟಿನ ಮೇಲೆ ಅಂಗೈ ಇಟ್ಟದ್ದು. "ಬೆಚ್ಚಗಿದೆ ಭಾಯಿ. ಬೆಚ್ಚಗಿರೋ ಇಂಜಿನ್ ಯಾರ ಮಾತೂ ಕೇಳ್ತದೆ. ತಣ್ಣಗಾಗ್ಲಿ, ನಾನು ಕಾಯ್ತೇನೆ." ಮೇಲೆ ಬಂದು ಹಿತಾಳ ಉಪ್ಪಿಟ್ಟು ತಿಂದು, ಚಾ ಕುಡಿದು, ಭಟ್ಕಳದ ಮಲ್ಲಿಗೆಯಿಂದ ಹಿಡಿದು ಕರಾಮದ ಬಾಡಿಗೆಯವರೆಗೆ ಮಾತಾಡಿದರು. ಸಮಿತಿಯೂ ಬಂದು ಕೂತಿತು. ನಿರಂಜನ ಗಡಿಯಾರ ನೋಡುತ್ತ ಆಕಳಿಸಿದ. ಮಗಳು ಈಜುಡುಗೆ ತೊಟ್ಟು ಬಾಗಿಲ ಬಳಿಯೇ ನಿಂತಿದ್ದಳು.

ಕೊನೆಗೆ ಎಲ್ಲರೂ ಕೆಳಗಿಳಿದರು. ನಿರಂಜನ ಎಳೆದ, ಬಿಟ್ಟ, ಮೊಣಕಾಲು ಕೊಟ್ಟ, ಕೀಲಿ ತಿರುಗಿಸಿದ. ಒಂದೇ ಸಲಕ್ಕೆ!

ಸಾಹೇಬರ ಕಣ್ಣು ಗುಂಡಿಯ ಮೇಲೆ ನೆಟ್ಟಿತ್ತು. ಅದನ್ನು ಮೆಲ್ಲಗೆ ಸವರಿದರು. "ನಮ್ಮ ಬಾಬಾನ ಕಾರಲ್ಲಿ ಇಂಥದ್ದೇ ಕರಿ ಗುಂಡಿ ಇತ್ತು. ನಾನು ಅವರ ತೊಡೆ ಮೇಲೆ ಕೂತು ಎಳೀತಿದ್ದೆ." ಕಣ್ಣು ತುಂಬಿತು. "ಕಾರು ನನ್ನದು ಭಾಯಿ. ಆದ್ರೆ ಈ ಗುಂಡಿ ಏನಾದ್ರೂ ತಕರಾರು ಮಾಡಿದ್ರೆ?"

ಮತ್ತೆ ಅಳುವ ಗಂಡಸು. ನಿರಂಜನನ ಬಾಯಿ ತಾನಾಗಿಯೇ ತೆರೆಯಿತು. "ಅಯ್ಯೋ, ಅದಕ್ಯಾಕೆ ಯೋಚನೆ ಸಾರ್! ಯಾವಾಗ ಬೇಕಾದ್ರೂ ಒಂದು ಫೋನ್ ಮಾಡಿ, ನಾನೇ ಬಂದ್ಬಿಡ್ತೀನಿ."

ಹಿತಾ ಹಿಂದಿನಿಂದ ಚಿವುಟಿದಳು, ಆದರೆ ತಡವಾಗಿತ್ತು. ಸಾಹೇಬರು ಎರಡೂ ಕೈ ಹಿಡಿದು ಕುಲುಕಿದರು. ಸಮಿತಿ ಸಾಕ್ಷಿಯಾಗಿ ಚಪ್ಪಾಳೆ ತಟ್ಟಿತು. ಹಸಿರು ಕಾರು ತಿರುವಿನಲ್ಲಿ ಮರೆಯಾದಾಗ ನಿರಂಜನನಿಗೆ ಬೆನ್ನಿನ ಮೂಟೆ ಇಳಿಸಿದಂತಾಯಿತು.

ಸಂಜೆ ಕಾರ್ನಿಷ್‌ ಬೀಚಿನ ಮರಳಿನಲ್ಲಿ ಅವನು ಮಗಳ ಜೊತೆ ಕೋಟೆ ಕಟ್ಟುತ್ತಿದ್ದ. ಹಿತಾ ನಗುತ್ತಿದ್ದಳು. ಎಷ್ಟು ಕಾಲವಾಗಿತ್ತೋ ಆ ನಗು ನೋಡಿ. ಕೋಟೆಗೆ ಬಾಗಿಲು ಇಡುವಷ್ಟರಲ್ಲಿ ಫೋನು ಬಂತು.

"ನಿರಂಜನ್ ಭಾಯಿ, ದುಬೈ ದಾರಿಯ ಶಹಾಮದ ಪೆಟ್ರೋಲ್ ಪಂಪಲ್ಲಿ ನಮಾಜಿಗೆ ನಿಲ್ಸಿದ್ದೆ. ಪರಿಚಯದವರು ಸಿಕ್ಕಿ ಮಾತಾಡ್ತಾ ನಿಂತೆ, ಇಂಜಿನ್ ತಣ್ಣಗಾಗಿಬಿಡ್ತು. ಗುಂಡಿ ಎಳೆದೆ, ದೂಡಿದೆ. ಮಾಫಿ, ಸ್ಟಾರ್ಟೇ ಇಲ್ಲ! ಝಯ್ಯಾನ್ ಕೈಗೂ ಬಗ್ಗಲ್ಲ. ನೀವು ಮಾತು ಕೊಟ್ಟಿದ್ರಿ."

ಫೋನಿನಲ್ಲೇ ಹೇಳಿಕೊಟ್ಟಿದ್ದೆಲ್ಲ ವ್ಯರ್ಥವಾಯಿತು. ಮೂವರೂ ಮೈಯೆಲ್ಲ ಮರಳು ಮೆತ್ತಿಕೊಂಡು ಟ್ಯಾಕ್ಸಿ ಹತ್ತಿದರು. ಪಂಪಿನಲ್ಲಿ ನಿರಂಜನ ಕೂತು ನಿಟ್ಟುಸಿರು ಬಿಟ್ಟಿದ್ದೇ ತಡ, ಕಾರು ಗುರುಗುಟ್ಟಿತು.

"ಸಾರ್, ಆ ಹಳೇ ಆಟೊಮ್ಯಾಟಿಕ್ ಸುರುಳಿಗೆ ಬದಲು ಹೊಸದು ತರಿಸಿ ನಾನೇ ಹಾಕ್ಸಿಕೊಡ್ತೀನಿ, ಪುಕ್ಕಟೆ," ಎಂದು ಅಂಗಲಾಚಿದ.

"ಛೆ ಛೆ, ಗುಂಡಿಗಾಗೇ ಅಲ್ವಾ ನಾನು ಕಾರು ತಗೊಂಡಿದ್ದು!" ಸಾಹೇಬರು ಹೆಗಲ ಮೇಲೆ ಕೈಹಾಕಿದರು. "ನೀವೇನೂ ಚಿಂತೆ ಮಾಡ್ಬೇಡಿ. ವಾರದ ದಿನ ನನಗೆ ಅಂಗಡಿ. ಈ ಕಾರು ಹೊರಗೆ ತೆಗೆಯೋದು ಶುಕ್ರವಾರ ಮಾತ್ರ. ಬೆಳಿಗ್ಗೆ ಬೇಗ ನನ್ನ ಡ್ರೈವರ್ ನಿಮ್ಮ ಬಾಗಿಲಿಗೆ ಬರ್ತಾನೆ. ಕರಾಮಕ್ಕೆ ಬನ್ನಿ, ಸ್ಟಾರ್ಟ್ ಮಾಡಿ, ನನ್ನ ಹೆಂಡತಿ ಸಿದ್ದೀಖಾ ಮಾಡಿದ ನಾಷ್ಟಾ ತಿನ್ನಿ. ಆಮೇಲೆ ಜೊತೆಗೇ ಸುತ್ತೋಣ. ದಾರಿಯಲ್ಲಿ ನಿಂತ್ರೆ ನೀವು ಬೇಕಲ್ಲ!"

ಇಷ್ಟು ದಿನ ಕಾರು ಮನೆಯ ಕೆಳಗಾದರೂ ನಿಂತಿರುತ್ತಿತ್ತು.

"ಸೋ, ನೋ ಬೀಚ್ ನೆಕ್ಸ್ಟ್ ಫ್ರೈಡೇ?" ಎಂದಳು ಮಗಳು. ಅದು ಪ್ರಶ್ನೆಯಂತೆ ಕೇಳಿಸಲಿಲ್ಲ.

ನಿರಂಜನ ಉತ್ತರಕ್ಕಾಗಿ ಹೆಂಡತಿಯ ಮುಖ ನೋಡಿದ. ಹಿತಾ ಇವನತ್ತ ನೋಡುತ್ತಿರಲಿಲ್ಲ. ಕಾರಿನೊಳಗೆ ಬಗ್ಗಿ, ಆಷ್‌ಟ್ರೇ ಇದ್ದ ಜಾಗವನ್ನೇ ದಿಟ್ಟಿಸುತ್ತಿದ್ದಳು.

"ಹೇಗೂ ವಾರ ವಾರ ಹೋಗ್ತೀರಲ್ಲ," ಎಂದಳು ತಣ್ಣಗೆ, "ಯಾವತ್ತಾದ್ರೂ ನಮ್ಮಮ್ಮನ ಮುಚ್ಚಳದ ಗುಂಡಿನ ಬಿಚ್ಕೊಂಡು ಬನ್ನಿ."