ಮಲ್ಲಿಗೆ ತೋಟದಲ್ಲಿ ನನ್ನ ಫ್ರೆಂಚ್

ಫ್ರೆಂಚ್ ಭಾಷೆಯಲ್ಲಿ ಎಂ.ಎ. ಮಾಡಿ ಹೂವಿನಹಡಗಲಿಗೆ ಮರಳಿದವಳ ಸ್ಥಿತಿ, ಈಜು ಕಲಿತು ಬೇಸಿಗೆಯ ಹಗರಿ ಹೊಳೆಯ ದಂಡೆಗೆ ಬಂದು ನಿಂತವನಂಥದ್ದು. ವಿದ್ಯೆ ಇದೆ, ನೀರಿಲ್ಲ. ಇದನ್ನು ಬಿಡಿಸಿ ಹೇಳಿಕೊಳ್ಳುವ ಸ್ವಭಾವ ನನ್ನದಲ್ಲವಾದ್ದರಿಂದ ಊರವರೇ ನನ್ನ ಪರವಾಗಿ ಹೇಳಿಕೊಳ್ಳುತ್ತಿದ್ದರು. ವಿಮಾನದಲ್ಲಿ ನೀರು ಕೊಡುವ ಕೆಲಸಕ್ಕೆ ಹೋಗಲಿ ಎಂದು ಒಬ್ಬರು, ಅಲ್ಲಿ ನಿಂತೇ ಇರಬೇಕಾಗುತ್ತದೆ, ಕಾಲು ನೋಯುತ್ತದೆ ಎಂದು ಇನ್ನೊಬ್ಬರು. ಕೊಟ್ಟೂರಿನ ಸೋದರತ್ತೆ ಮಾತ್ರ ತಮ್ಮ ಹೊಸ ಇಸ್ತ್ರಿ ಪೆಟ್ಟಿಗೆಯ ಸೂಚನಾ ಪುಸ್ತಕವನ್ನು ಬಸ್ಸಿನಲ್ಲಿ ಹೊತ್ತು ತಂದರು. ಅದರ ಫ್ರೆಂಚ್ ಪುಟವನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ಮಾಡಿಕೊಟ್ಟೆ. ಎದುರು ಪುಟದಲ್ಲೇ ಇಂಗ್ಲಿಷ್ ಇತ್ತು. ಅದನ್ನು ನಾನು ಹೇಳಲಿಲ್ಲ. ನನ್ನ ವಿದ್ಯೆಯನ್ನು ಕೇಳಿಕೊಂಡು ಮನೆ ಬಾಗಿಲಿಗೆ ಬಂದವರು ಅವರೊಬ್ಬರೇ. ಅಪ್ಪ ಗಡುವು ಕೊಟ್ಟಿದ್ದರು: ಶ್ರಾವಣದೊಳಗೆ ಈ ಭಾಷೆಯಿಂದ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಹರಪನಹಳ್ಳಿಯಲ್ಲಿ ಬಿ.ಎಡ್.

ಹೀಗಿರುವಾಗ ಬೆಂಗಳೂರಿನ ಒಂದು ಅನುವಾದ ಕಚೇರಿಯಿಂದ ಫೋನು ಬಂತು. ಅತ್ತರು ತಯಾರಿಸುವ ಫ್ರಾನ್ಸಿನ ಕಂಪನಿಯೊಂದು ಹಡಗಲಿ ಮಲ್ಲಿಗೆ ನೋಡಲು ಬರುತ್ತಿದೆ. ಒಂದು ದಿನ ದುಭಾಷಿಯಾಗಬೇಕು. ವ್ಯವಹಾರ ಕುದುರಿದರೆ ಬೆಳೆಗಾರರೊಂದಿಗೆ ಮಾತಾಡಲು ವರ್ಷವಿಡೀ ನಾನೇ. ಷರತ್ತು ಒಂದೇ, ಅವರು ಆಡಿದ್ದನ್ನೇ ಹೇಳಬೇಕು, ಕೂಡಿಸಬಾರದು, ಕಳೆಯಬಾರದು. ದಿನವಿಡೀ ಮಾತಾಡಿಯೂ ಸ್ವಂತದ್ದೊಂದು ಮಾತಾಡಬೇಕಿಲ್ಲದ ಕೆಲಸ! ನನಗಾಗಿಯೇ ಹುಟ್ಟಿದ್ದು ಎನ್ನಿಸಿತು. ಅಂದಿನಿಂದ ಹಲ್ಲುಜ್ಜುವಾಗಲೂ ಫ್ರೆಂಚಿನಲ್ಲೇ ಯೋಚಿಸಿದೆ.

ಬಂದವರ ಹೆಸರು ಕ್ಲೇರ್. ನಡುವಯಸ್ಸಿನ ಹೆಂಗಸು, ಕೈಯಲ್ಲಿ ಸದಾ ಒಂದು ನೋಟುಪುಸ್ತಕ. ಬೆಳಗಿನ ಆರು ಗಂಟೆಗೆ ನಮ್ಮೂರಿನ ಬೆಳೆಗಾರ ಬಸಣ್ಣನವರ ತೋಟದಲ್ಲಿ ಮೊಗ್ಗು ಬಿಡಿಸುವುದು ಮುಗಿಯುತ್ತ ಬಂದಿತ್ತು. ಬುಟ್ಟಿಗಳು ತುಂಬಿ ತುಳುಕುತ್ತಿದ್ದವು. ಕ್ಲೇರ್ ಒಂದು ಬೊಗಸೆ ಮೊಗ್ಗನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಇಂಥ ಪರಿಮಳವನ್ನು ತಾನು ಎಲ್ಲೂ ಕಂಡಿಲ್ಲ, ತೋಟ ಅದ್ಭುತವಾಗಿದೆ, ಬೆಳೆ ಸಮೃದ್ಧವಾಗಿದೆ ಎಂದರು. ನಾನು ಅದನ್ನು ಉತ್ಸಾಹದಿಂದ ಕನ್ನಡದಲ್ಲಿ ಹೇಳಿದೆ. ಬಸಣ್ಣನವರ ಮುಖ ಬಾಡಿತು.

"ಏನ್ ಚಲೋ ಬಿಡ್ರಿ," ಎಂದರು. "ಮೊಗ್ಗು ಸಣ್ಣಾಗ್ಯಾವ. ಹುಳಾನೂ ಬಿದ್ದೈತಿ. ಈ ವರ್ಷ ಏನೂ ಇಲ್ಲ."

ನಾನು ಕೂಡಿಸಲಿಲ್ಲ, ಕಳೆಯಲಿಲ್ಲ. ಮೊಗ್ಗು ಸಣ್ಣದು, ಹುಳು ಬಿದ್ದಿದೆ, ಈ ವರ್ಷ ಬೆಳೆ ಇಲ್ಲ ಎಂದು ಅಚ್ಚುಕಟ್ಟಾದ ಫ್ರೆಂಚಿನಲ್ಲಿ ಒಪ್ಪಿಸಿದೆ. ಹುಳುವಿಗೆ ಸರಿಯಾದ ಪದ ತಕ್ಷಣ ನೆನಪಾಯಿತೆಂದು ಒಳಗೊಳಗೇ ಹಿಗ್ಗಿದೆ ಕೂಡ. ಕ್ಲೇರ್ ನೋಟುಪುಸ್ತಕ ತೆರೆದು ಬರೆದುಕೊಂಡರು. ಯಾವ ಹುಳು, ಯಾವ ಔಷಧಿ ಹೊಡೆದಿದ್ದೀರಿ ಎಂದು ಕೇಳಿದರು. ಬಸಣ್ಣ ಗಾಬರಿಯಾದರು. ತನ್ನ ತೋಟದಲ್ಲಿ ಹುಳು ಇದೆಯೆಂದು ಈಕೆಗೆ ಚಾಡಿ ಹೇಳಿದವರು ಯಾರು ಎಂದು ನನ್ನನ್ನೇ ವಿಚಾರಿಸಿದರು. ಕ್ಲೇರ್ ಪುಸ್ತಕ ಮುಚ್ಚಿ, ಹತ್ತಿರದಲ್ಲಿ ಬೇರೆ ತೋಟಗಳಿವೆಯೇ ಎಂದು ಕೇಳಿ, ಕಾರಿನ ಕಡೆ ಹೆಜ್ಜೆ ಹಾಕಿದರು. ನನ್ನ ಕಣ್ಣ ಮುಂದೆ ಬಿ.ಎಡ್. ಕಾಲೇಜಿನ ಗೇಟು ತೆರೆದುಕೊಂಡಿತು.

ಬಸಣ್ಣನವರ ಹೆಂಡತಿ ಗೌರಕ್ಕ ಬುಟ್ಟಿ ಕೆಳಗಿಟ್ಟು ನನ್ನ ರಟ್ಟೆ ಹಿಡಿದರು.

"ಏನವ್ವಾ, ಅವರು ಅಂದದ್ದನ್ನ ಹಂಗೇ ಹೇಳಿಬಿಟ್ಟಿ ಏನು?"

"ಹೌದು ಅಕ್ಕಾ, ಅದೇ ನನ್ನ ಕೆಲಸ."

"ಅಷ್ಟು ಓದೀದಿ, ಇಷ್ಟು ತಿಳೀಲಿಲ್ಲೇನು? ಬಂದಾಕಿ ಬಾಯಿ ತುಂಬ ಹೊಗಳಿದ್ಲು. ದೃಷ್ಟಿ ಆಗಬಾರ್ದು ಅಂತ ಅಂದಾರ. ಅದು ಆಕಿಗೆ ಹೇಳಿದ್ದಲ್ಲ, ಗಿಡಕ್ಕ ಕೇಳ್ಲಿ ಅಂತ ಹೇಳಿದ್ದು."

ನಾನು ಇದೇ ಊರಿನಲ್ಲಿ ಬೆಳೆದವಳು. ಕೂಸು ದುಂಡಗಿದೆ ಎಂದರೆ ಎಲ್ಲಿ, ಸೊರಗಿದೆ ಎನ್ನಬೇಕು, ಹೊಸ ಸೀರೆ ಚೆನ್ನಾಗಿದೆ ಎಂದರೆ ಹಳೆಯದು ಎನ್ನಬೇಕು. ಗೊತ್ತಿರಲಿಲ್ಲವೆಂದಲ್ಲ. ಫ್ರೆಂಚ್ ಮಾತಾಡುವಾಗ ಅದು ಗೊತ್ತಿರಬೇಕೆಂದು ಹೊಳೆದಿರಲಿಲ್ಲ.

ಓಡಿದೆ. ಕಾರಿನ ಬಾಗಿಲಿಗೆ ಅಡ್ಡ ನಿಂತು, ಕ್ಷಮಿಸಿ, ಇನ್ನು ಆಡುವ ಮಾತು ನನ್ನದು ಎಂದು ಮೊದಲೇ ಸ್ಪಷ್ಟಪಡಿಸಿ, ಜೀವಮಾನದಲ್ಲೇ ಅತಿ ಉದ್ದದ ಮಾತಾಡಿದೆ. ಇಲ್ಲಿ ತಮ್ಮ ಬೆಳೆಯನ್ನು ಯಾರೂ ಚೆನ್ನಾಗಿದೆ ಎನ್ನುವುದಿಲ್ಲ, ಹುಳುವಿನ ಮಾತು ಬಂದರೆ ಫಸಲು ಭರ್ಜರಿಯಾಗಿದೆ ಎಂದರ್ಥ, ಬೇಕಿದ್ದರೆ ಬುಟ್ಟಿಗೆ ಕೈ ಹಾಕಿ ನೋಡಿ. ಎರಡು ಕ್ರಿಯಾಪದ ತಪ್ಪಿದವು, ತಿದ್ದಿಕೊಳ್ಳಲೂ ಇಲ್ಲ.

ಕ್ಲೇರ್ ವಾಪಸು ಬಂದು ಮೂರು ಬುಟ್ಟಿಗಳನ್ನು ತಳದವರೆಗೂ ಕೆದಕಿದರು. ಹುಳು ಸಿಗಲಿಲ್ಲ. ಆಮೇಲೆ ಬಸಣ್ಣನವರ ಕಡೆ ತಿರುಗಿ, ಮುಖ ಗಂಭೀರ ಮಾಡಿಕೊಂಡು ಏನೋ ಹೇಳಿದರು. ನಾನು ಒಂದಕ್ಷರ ಬಿಡದೆ ಹೇಳಿದೆ: "ನಿಮ್ಮ ಮಲ್ಲಿಗೆ ತೀರಾ ಸಾಧಾರಣ. ಆದರೂ ನಾಳೆಯಿಂದ ನಮಗೇ ಕೊಡಿ."

ಬಸಣ್ಣನವರ ಮುಖ ಅರಳಿತು. "ಈಗ ತಿಳೀತು ನೋಡು ಆಕಿಗೆ," ಎಂದರು ಹೆಂಡತಿಗೆ. "ಚಾ ಮಾಡು, ಒಳಗ ಕರಿ." ಒಂದಲ್ಲ, ಎರಡು ಸಲ ಚಹಾ ಆಯಿತು, ಮಂಡಕ್ಕಿ ಮೆಣಸಿನಕಾಯಿ ಆಯಿತು, ವ್ಯವಹಾರವೂ ಆಯಿತು.

ಹಿಂತಿರುಗುವಾಗ ಕಾರಿನಲ್ಲಿ ಕ್ಲೇರ್, ನಿಮ್ಮ ಫ್ರೆಂಚ್ ತುಂಬ ಚೆನ್ನಾಗಿದೆ ಎಂದರು. ಐದು ವರ್ಷದಿಂದ ನಾನು ಕಾದಿದ್ದ ಮಾತು. ಒಳಗೆ ಎದೆ ಕುಣಿಯುತ್ತಿತ್ತು, ಬಾಯಿ ಮಾತ್ರ ತಾನಾಗಿಯೇ, ಎಲ್ಲಿ ಮೇಡಂ, ಬರೀ ತಪ್ಪು, ಅಷ್ಟೇನೂ ಬರುವುದಿಲ್ಲ ಎಂದುಬಿಟ್ಟಿತು. ಅದೂ ಒಳ್ಳೆಯ ಫ್ರೆಂಚಿನಲ್ಲಿ. ಅವರು ತಲೆದೂಗಿ ನೋಟುಪುಸ್ತಕ ತೆರೆದರು. ಏನು ಬರೆದರೋ ನೋಡುವ ಧೈರ್ಯವಾಗದೆ ಕಿಟಕಿಯ ಆಚೆಯ ಜೋಳದ ಹೊಲಗಳನ್ನು ನೋಡಿದೆ.

ಒಂದು ವಾರದ ನಂತರ ಕ್ಲೇರ್ ಅವರ ಪತ್ರ ಬಂತು. "ನಿಮ್ಮ ಫ್ರೆಂಚ್ ತೀರಾ ಸಾಧಾರಣ. ಸೋಮವಾರದಿಂದ ಕೆಲಸಕ್ಕೆ ಬನ್ನಿ." ಅಪ್ಪನಿಗೆ ಎರಡನೆಯ ವಾಕ್ಯವನ್ನಷ್ಟೇ ಅನುವಾದಿಸಿ ಹೇಳಿದೆ. ಮೊದಲನೆಯದನ್ನು ಕ್ಲೇರ್ ನಮ್ಮೂರಿನ ರೀತಿಯಲ್ಲಿ ಬರೆದರೋ, ತಮ್ಮೂರಿನ ರೀತಿಯಲ್ಲೋ, ಇಂದಿಗೂ ತಿಳಿದಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ಯಾವ ಮಾತನ್ನೂ ಕೇಳಿ ಖಚಿತಪಡಿಸಿಕೊಳ್ಳದೆ ಬಿಡುವವಳಲ್ಲ ನಾನು. ಇದನ್ನು ಮಾತ್ರ ಕೇಳಿಲ್ಲ. ದೃಷ್ಟಿಯಾದೀತು.