ಅತ್ತೆಯ ಹಸಿರು ಹುಬ್ಬು

ಮವ್ಲುದಾಗೆ ಹಾವಿನ ಭಯವಿರಲಿಲ್ಲ, ಭೂಕಂಪದ ಭಯವಿರಲಿಲ್ಲ, ಹಲ್ಲು ಕೀಳುವ ಡಾಕ್ಟರ ಭಯವೂ ಇರಲಿಲ್ಲ. ಇದ್ದದ್ದು ಅತ್ತೆಯ ಹುಬ್ಬಿನ ಭಯವೊಂದೇ. ಬಶೋರತ್ ಅಮ್ಮ ಬಯ್ಯುವ ಹೆಂಗಸಲ್ಲ. (ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೈಗುಳಕ್ಕೆ ಕಿವಿ ಮುಚ್ಚಿಕೊಳ್ಳಬಹುದು.) ಅವರು ಹುಬ್ಬು ಏರಿಸುತ್ತಿದ್ದರು, ಅಷ್ಟೆ. ಎಡಹುಬ್ಬು ಏರಿದರೆ ಚಹಾ ತಣ್ಣಗಾಗಿದೆ. ಬಲಹುಬ್ಬು ಏರಿದರೆ ತಂದೂರಿ ಒಲೆಯಲ್ಲಿ ರೊಟ್ಟಿ ಸೀದಿದೆ. ಎರಡೂ ಒಟ್ಟಿಗೆ ಏರಿದ್ದನ್ನು ಮವ್ಲುದಾ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಒಮ್ಮೆ ಮಾತ್ರ ನೋಡಿದ್ದಳು. ಆವತ್ತು ಅವಳ ಗಂಡ ಇಕ್ರೋಮ್ ಕುರಿಕೊಟ್ಟಿಗೆಗೆ ಹೋಗಿ ಕೂತವನು ಊಟಕ್ಕೂ ಹೊರಗೆ ಬರಲಿಲ್ಲ.

ಇಂಥ ಘನಗಂಭೀರ ಹುಬ್ಬುಗಳ ಆರೈಕೆ ಸೊಸೆಯ ಪಾಲಿನದು. ಅವರ ಊರಾದ ಮರ್ಗಿಲಾನಿನ ಯಾವ ಅಂಗಳಕ್ಕೆ ಹೋದರೂ ನಲ್ಲಿಯ ಪಕ್ಕ ಒಂದು ಪಾತಿ ಉಸ್ಮಾ ಗಿಡ ಇರುತ್ತದೆ. ಎಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ರಸ ಹಿಂಡಿ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಹುಬ್ಬಿಗೆ ಹಚ್ಚಬೇಕು. ಹಚ್ಚಿದಾಗ ಅಚ್ಚ ಹಸಿರು. ಸುಮ್ಮನೆ ಮಲಗಿದ್ದರೆ ಮೆಲ್ಲಗೆ ಕಪ್ಪಾಗುತ್ತದೆ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದ ಸಂಗತಿಯೆಂದರೆ, ಹಿಂಡುವವಳ ಅಂಗೈ ಮಾತ್ರ ಎಷ್ಟು ತೊಳೆದರೂ ಹಸಿರಾಗಿಯೇ ಉಳಿಯುತ್ತದೆ ಎಂಬುದು. ಮದುವೆಮನೆಗಳಲ್ಲಿ ಮವ್ಲುದಾ ಕೈ ಮುಷ್ಟಿ ಮಾಡಿಕೊಂಡೇ ಕೂರುತ್ತಿದ್ದಳು.

ಹಾಗಾಗಿ ಫೋನಿನಲ್ಲಿ ಆ ಟ್ಯೂಬು ಕಂಡಾಗ ಅವಳಿಗೆ ಸ್ವರ್ಗದ ಬಾಗಿಲೇ ತೆರೆದಂತಾಯಿತು. 'ಅಪ್ಪಟ ಉಸ್ಮಾ ಲೇಪ, ಅರೆಯುವ ಗೋಳಿಲ್ಲ, ತಿಂಗಳವರೆಗೆ ಮಾಸುವುದಿಲ್ಲ.' ಗುಟ್ಟಾಗಿ ತರಿಸಿದಳು. ಗುಟ್ಟು ಯಾಕೆಂದರೆ, ಅತ್ತೆಗೆ ಫೋನಿನಲ್ಲಿ ಕೊಂಡ ಸಾಮಾನು ಅಂದರೆ ಆಗದು. "ಕೈಯಲ್ಲಿ ಮುಟ್ಟದೆ ಕೊಂಡಿದ್ದು ಕಣ್ಣು ಕಟ್ಟಿ ಮದುವೆ ಆದ ಹಾಗೆ" ಎನ್ನುವವರು ಅವರು. ಮವ್ಲುದಾ ಲೇಪವನ್ನು ಎಂದಿನ ಬಟ್ಟಲಿಗೇ ಹಿಂಡಿ, ಎಂದಿನಂತೆ ಕಡ್ಡಿಗೆ ಹತ್ತಿ ಸುತ್ತಿ, "ಈಗಷ್ಟೇ ಕಿತ್ತ ಎಲೆ ಅತ್ತೆ" ಎಂದು ಹಚ್ಚಿಬಿಟ್ಟಳು.

ಅದೂ ಯಾವ ದಿನ! ಮರುದಿನ ಬೆಳಿಗ್ಗೆ ಬಶೋರತ್ ಅಮ್ಮ ಕಿರಿಮಗನಿಗೆ ಹೆಣ್ಣು ಕೇಳಲು ತುರ್ಸುನಾಯ್ ಎಂಬಾಕೆಯ ಮನೆಗೆ ಹೊರಡುವವರಿದ್ದರು. ಹೆಣ್ಣು ಕೇಳಲು ಹೋಗುವ ಹೆಂಗಸಿನ ಹುಬ್ಬು ನೋಡಿಯೇ ಅರ್ಧ ಸಂಬಂಧ ಕುದುರುವ ಊರು ಅದು.

ಬಶೋರತ್ ಅಮ್ಮ ಏಪ್ರಿಕಾಟ್ ಮರದಡಿಯ ಮಂಚದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದರು. ಮವ್ಲುದಾ ಎರಡು ಸಲ ರೊಟ್ಟಿ ಬೇಯಿಸಿ ಬಂದು ನೋಡಿದಳು, ಹಸಿರು. ಕುರಿಗೆ ಮೇವು ಹಾಕಿ ಬಂದು ನೋಡಿದಳು, ಇನ್ನಷ್ಟು ಹಸಿರು. ಒದ್ದೆಬಟ್ಟೆಯಲ್ಲಿ ಒರೆಸಿದ ಮೇಲಂತೂ ಎರಡು ಹುಬ್ಬೂ ಎಳೇ ಸೌತೆಕಾಯಿಯ ಹಾಗೆ ಥಳಥಳ ಹೊಳೆದವು.

"ಕಪ್ಪಾಯ್ತೇನೇ?" ಕಣ್ಣು ಮುಚ್ಚಿಕೊಂಡೇ ಅತ್ತೆ ಕೇಳಿದರು.

"ಆಗ್ತಾ ಇದೆ ಅತ್ತೆ. ಇನ್ನೊಂದು ಸ್ವಲ್ಪ ಮಲಗಿರಿ."

ಕಪ್ಪಾಗುವ ಮುಂಚೆ ಕನ್ನಡಿ ನೋಡಿದರೆ ದೃಷ್ಟಿಯಾಗುತ್ತದೆ ಎಂಬುದು ಬಶೋರತ್ ಅಮ್ಮನ ಸ್ವಂತ ಶಾಸನವಾದ್ದರಿಂದ ಮವ್ಲುದಾ ಆ ಗಳಿಗೆಗೆ ಬದುಕಿದಳು. ಆದರೂ ಮನೆಯಲ್ಲಿದ್ದ ಕನ್ನಡಿಗಳನ್ನೆಲ್ಲ ಹಾಸಿಗೆಯ ರಾಶಿಯ ಕೆಳಗೆ ತುರುಕಿ, ತಂದೂರಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಟ್ಯೂಬು ಮಾರಿದ ಅಂಗಡಿಯವಳಿಗೆ ಫೋನಿನಲ್ಲಿ ಬರೆದಳು: ಹಸಿರಾಗಿದೆ, ಏನು ಮಾಡಲಿ?

ಉತ್ತರ ಬಂತು: 'ಅಕ್ಕಾ, ಉಸ್ಮಾ ಮೊದಲು ಹಸಿರೇ ಇರೋದು. ಆಮೇಲೆ ಕಪ್ಪಾಗುತ್ತೆ. ನೀವು ಈ ಕಡೆಯವರಲ್ವಾ?'

ಮವ್ಲುದಾ ಮಧ್ಯಾಹ್ನದಿಂದ ಕಾಯುತ್ತಿದ್ದೇನೆ ಎಂದಳು. 'ಮುಚ್ಚಳ ತೆಗೆದ ಮಾಲು ವಾಪಸ್ ತಗೊಳ್ಳಲ್ಲ ಅಕ್ಕಾ' ಎಂದು ಬಂತು, ಜೊತೆಗೊಂದು ಗುಲಾಬಿಯ ಚಿತ್ರ. ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ.

ಅಷ್ಟರಲ್ಲಿ ಇಕ್ರೋಮ್ ಬಂದ. ಅಂಗಳದಲ್ಲಿ ಮಲಗಿದ್ದ ತಾಯಿಯನ್ನು ನೋಡಿದವನೇ ತುದಿಗಾಲಲ್ಲಿ ತಂದೂರಿಯ ಹಿಂದಕ್ಕೆ ಓಡಿಬಂದ.

"ಏನೇ ಮಾಡಿದ್ದೀಯ ನಮ್ಮಮ್ಮಂಗೆ?"

"ಮೆಲ್ಲಗೆ ರೀ! ಮಾಲು ಕೆಟ್ಟಿದ್ದು. ಅವಳು ವಾಪಸ್ ತಗೊಳ್ಳಲ್ವಂತೆ."

"ತಗೊಳ್ದೆ ಎಲ್ಲಿ ಹೋಗ್ತಾಳೆ? ಕಾನೂನಿದೆ. ಗ್ರಾಹಕರ ಸಂಘ ಅಂತ ಇದೆ, ಫೋನ್ ಮಾಡು. ಹೆದರಬೇಡ, ನಾನಿದ್ದೀನಿ." ಹೀಗೆಂದ ಆ ವೀರ ಕುರಿಕೊಟ್ಟಿಗೆಯ ಕಡೆ ನಡೆದ.

ಸಂಘದ ಹೆಂಗಸು ಒಳ್ಳೆಯವಳು. ಪಿಸುಮಾತಿನಲ್ಲಿ ಹೇಳಿದ ಕಥೆಯನ್ನೆಲ್ಲ ಕೇಳಿ, "ನೋಡಮ್ಮ, ಬಣ್ಣ ಇಷ್ಟ ಆಗ್ಲಿಲ್ಲ ಅಂತ ವಾಪಸ್ ಕೊಡಕ್ಕಾಗಲ್ಲ. ಆದ್ರೆ ಮಾಲೇ ಕೆಟ್ಟಿದ್ರೆ ಮುಚ್ಚಳ ತೆಗೆದಿದ್ರೂ ಅವರು ದುಡ್ಡು ಕೊಡಲೇಬೇಕು. ಅದು ನಿಮ್ಮ ಹಕ್ಕು" ಎಂದಳು. ಹಕ್ಕು ಎಂಬ ಮಾತು ಕೇಳಿ ಮವ್ಲುದಾಗೆ ಹೋದ ಜೀವ ಬಂದಂತಾಯಿತು. ಹಿಂದೆಯೇ ಆ ಪುಣ್ಯಾತ್ಮಳು ಸೇರಿಸಿದಳು: "ಹಚ್ಚಿಕೊಂಡವರ ಮುಖದ್ದೊಂದು ಫೋಟೋ ಕಳಿಸಿ. ಪಕ್ಕದಲ್ಲಿ ಟ್ಯೂಬೂ ಕಾಣಬೇಕು."

ಬಂದ ಜೀವ ಮತ್ತೆ ಹೊರಟಿತು.

ಅತ್ತೆಗೆ ಜೊಂಪು ಹತ್ತಿತ್ತು. ಮವ್ಲುದಾ ಬರಿಗಾಲಲ್ಲಿ ಮಂಚದ ಬಳಿ ಹೋಗಿ ದಿಂಬಿನ ಮೇಲೆ, ಅತ್ತೆಯ ಕಿವಿಯ ಪಕ್ಕ, ಟ್ಯೂಬನ್ನಿಟ್ಟಳು. ಗಾಬರಿಯಲ್ಲಿ ತೆಗೆದ ಮೊದಲ ಫೋಟೋದಲ್ಲಿ ಏಪ್ರಿಕಾಟ್ ಮರ ಬಂತು, ಎರಡನೆಯದರಲ್ಲಿ ಅವಳದೇ ಹೆಬ್ಬೆರಳು. ಮೂರನೆಯದಕ್ಕೆ ಬಗ್ಗಿದಾಗ ಫೋನು ಫಳ್ಳೆಂದು ಬೆಳಕು ಕಾರಿತು. ಬಶೋರತ್ ಅಮ್ಮ ಕಣ್ಣು ಬಿಟ್ಟರು.

"ಏನೇ ಅದು?"

"ಮಲಗಿದ್ದಾಗ... ತುಂಬಾ ಮುದ್ದಾಗಿ ಕಾಣ್ತಿದ್ರಿ ಅತ್ತೆ."

"ಎಲ್ಲಿ, ತೋರಿಸು."

ಫೋನನ್ನು ನುಂಗಿಬಿಡುವಷ್ಟು ಬಾಯಿ ದೊಡ್ಡದಿದ್ದಿದ್ದರೆ ಮವ್ಲುದಾ ನುಂಗಿಯೇಬಿಡುತ್ತಿದ್ದಳು. ಅತ್ತೆ ಕಿತ್ತುಕೊಂಡು ನೋಡಿದರು. ಎಡಹುಬ್ಬು ಏರಿತು. ಬಲಹುಬ್ಬೂ ಏರಿತು. ಕೊಟ್ಟಿಗೆಯ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿಸಿತು.

ತವರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಯೋಚಿಸುತ್ತಲೇ ಮವ್ಲುದಾ ಇದ್ದದ್ದನ್ನೆಲ್ಲ ಒದರಿಬಿಟ್ಟಳು: ಟ್ಯೂಬು, ಬಟ್ಟಲು, ಕಿತ್ತೇ ಇರದ ಎಲೆ, ಮುಚ್ಚಳ, ಗುಲಾಬಿ. ಬಶೋರತ್ ಅಮ್ಮ ಕೊನೆಯವರೆಗೂ ಕೇಳಿದರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಅಂಗಡಿಯವಳಿಗೆ ನೇರವಾಗಿ ಮಾತಾಡಿದರು.

"ಕೇಳೇ ಹುಡುಗಿ. ಕಲ್ಲಂಗಡಿ ಹಣ್ಣು ಕೊಯ್ದ್ರೆ ತಾನೇ ಕೊಳೆತಿದ್ದು ಗೊತ್ತಾಗೋದು? ಕೊಯ್ದುಬಿಟ್ರಿ, ವಾಪಸ್ ತಗೊಳ್ಳಲ್ಲ ಅಂತಾನೇನು ಹಣ್ಣಿನವನು? ನನ್ನ ಮುಖ ಕಳಿಸ್ತಾ ಇದ್ದೀನಿ, ನೋಡು. ಚಹಾ ಕುದಿಯೋದ್ರೊಳಗೆ ದುಡ್ಡು ಬರ್ಲಿಲ್ಲ ಅಂದ್ರೆ ಇದೇ ಮುಖ ಸಂಘಕ್ಕೂ ಹೋಗುತ್ತೆ, ನಿನ್ನ ಅಂಗಡಿ ಬಾಗಿಲಿಗೂ ಬರುತ್ತೆ."

ಚಹಾ ಕುದಿಯುವ ಮುಂಚೆಯೇ ದುಡ್ಡು ಬಂತು. (ಆ ಮುಖ ನೋಡಿದ ಮೇಲೆ ಯಾರೇ ಆದರೂ ಕೊಡುತ್ತಿದ್ದರು.) ಆದರೆ ಕಾನೂನು ದುಡ್ಡು ವಾಪಸ್ ಕೊಡಿಸಬಹುದೇ ಹೊರತು ಹುಬ್ಬು ವಾಪಸ್ ಕೊಡಿಸಲಾರದು. ಸೋಪು, ಎಣ್ಣೆ, ಮೊಸರು, ಬೂದಿ ಯಾವುದಕ್ಕೂ ಆ ಬಣ್ಣ ಜಗ್ಗಲಿಲ್ಲ. ಮಾಸುವುದಿಲ್ಲ ಎಂಬ ಒಂದು ಮಾತನ್ನಾದರೂ ಆ ಟ್ಯೂಬು ಉಳಿಸಿಕೊಂಡಿತು.

"ನಾಳೆ ಹೋಗೋದು ಹೋಗೋದೇ. ಮಾತು ಕೊಟ್ಟಾಗಿದೆ" ಎಂದರು ಬಶೋರತ್ ಅಮ್ಮ. "ನಿಮ್ಮ ಮಗಳನ್ನ ನೋಡೋ ಆತುರ, ಉಸ್ಮಾ ಕಪ್ಪಾಗೋ ತನಕ ಕಾಯಕ್ಕಾಗ್ಲಿಲ್ಲ ಅಂತೀನಿ. ಯಾವ ತಾಯಿಗೆ ಹಿಗ್ಗಾಗಲ್ಲ? ಆದ್ರೆ ಒಬ್ಬಳದೇ ಹಸಿರಾಗಿದ್ರೆ ಅನುಮಾನ ಬರುತ್ತೆ. ತಗೋ ಕಡ್ಡಿ, ನೀನೂ ಹಚ್ಕೋ."

ಹೀಗಾಗಿ ಮರುದಿನ ಹಸಿರು ಹುಬ್ಬಿನ ಅತ್ತೆ, ಹಸಿರು ಹುಬ್ಬಿನ ಸೊಸೆ ತುರ್ಸುನಾಯ್ ಮನೆಯ ಹಾಸಿನ ಮೇಲೆ ರಾಜಗಾಂಭೀರ್ಯದಿಂದ ಕೂತರು. ಆತುರದ ಕಥೆ ಕೇಳಿ ತುರ್ಸುನಾಯ್ ನಿಜಕ್ಕೂ ಹಿಗ್ಗಿದಳು. ಎಷ್ಟು ಹಿಗ್ಗಿದಳೆಂದರೆ, "ಹಾಗಾದ್ರೆ ಕಪ್ಪಾಗೋ ತನಕ ನಿಮ್ಮನ್ನ ಕಳಿಸೋದೇ ಇಲ್ಲ!" ಎಂದು ಚಹಾದ ಕೆಟಲನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತುಬಿಟ್ಟಳು.

ಒಂದು ಬಟ್ಟಲು ಚಹಾ ಆಯಿತು. ತುರ್ಸುನಾಯ್ ಅವರ ಹುಬ್ಬು ನೋಡಿದಳು. ಒಣದ್ರಾಕ್ಷಿ ಬಂತು, ಹಲ್ವಾ ಬಂತು, ಪುಲಾವೂ ಬಂತು. ಮತ್ತೆ ನೋಡಿದಳು. ಮೈದುನನ ಸಂಬಂಧ ಮುರಿದರೆ ಅದು ತನ್ನಿಂದಲೇ ಎಂಬುದರಲ್ಲಿ ಮವ್ಲುದಾಗೆ ಅನುಮಾನವಿರಲಿಲ್ಲ.

"ನಿಮ್ಮ ತೋಟದ ಉಸ್ಮಾ ಸ್ವಲ್ಪ ನಿಧಾನ, ಅಲ್ವಾ?" ತುರ್ಸುನಾಯ್ ಕೇಳಿದಳು.

"ನಮ್ಮ ಕಡೆ ಮಣ್ಣೇ ಹಾಗೆ. ತಂಪು ಜಾಸ್ತಿ" ಎಂದರು ಬಶೋರತ್ ಅಮ್ಮ.

ಆ ಗಳಿಗೆಯಲ್ಲಿ ಮವ್ಲುದಾಗೆ ಏನಾಯಿತೋ ಅವಳಿಗೇ ತಿಳಿಯದು. ಭಯ ಹೆಚ್ಚಾಗಿ ಬಾಯಿ ತಾನಾಗಿಯೇ ತೆರೆದುಕೊಂಡಿತು. "ಸುಳ್ಳು ಅತ್ತೆ! ಇದು ಕಪ್ಪಾಗಲ್ಲ! ಫೋನಲ್ಲಿ ತರಿಸಿದ ಕೆಟ್ಟ ಮಾಲು ಇದು ತುರ್ಸುನಾಯ್ ಅಕ್ಕ, ದುಡ್ಡೂ ವಾಪಸ್ ಬಂದಾಯ್ತು!"

ತುರ್ಸುನಾಯ್ ಅತ್ತೆಯ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಲ್ಲಾ, ಅತ್ತೆ ಮುಖಕ್ಕೇ ಸುಳ್ಳು ಅಂದ್ಬಿಟ್ಟಳಲ್ಲ! ನಮ್ಮನೆಗೆ ಎಷ್ಟೊಂದು ಕಡೆಯವರು ಬಂದುಹೋದ್ರು. ಅತ್ತೆ ಕೆಮ್ಮಿದ್ರೆ ಸೊಸೆ ಬೆಚ್ಚಿಬೀಳೋಳು. ನಂದೊಬ್ಬಳೇ ಮಗಳು. ಸೊಸೆಗೆ ಇಷ್ಟು ಸಲುಗೆ ಇರೋ ಮನೆ ಬೇಕು ಅಂತಲೇ ಕಾಯ್ತಿದ್ದೆ." ಎದ್ದು ರೊಟ್ಟಿ ತಂದು ಅಲ್ಲೇ ಮುರಿದಳು. ರೊಟ್ಟಿ ಮುರಿದರೆ ಸಂಬಂಧ ಗಟ್ಟಿಯಾದಂತೆ.

ಬಶೋರತ್ ಅಮ್ಮ ಮನೆಯ ದಾರಿ ಹಿಡಿದರು. ಕಾಲುವೆಯ ಸೇತುವೆ ಬಂದಾಗ ನಿಂತರು. ಮವ್ಲುದಾಳ ಎದೆಯೂ ನಿಂತಿತು.

"ಕೇಳಿಸ್ಕೊಂಡ್ಯಲ್ಲ? ಸೊಸೆಗೆ ಭಯ ಇಲ್ಲದ ಮನೆ ಅಂತ ಹೆಣ್ಣು ಕೊಡ್ತಿದ್ದಾರೆ. ಮದುವೆ ಮುಗಿಯೋ ತನಕ ನೀನು ನನಗೆ ಹೆದರಿದ್ದು ಯಾರ ಕಣ್ಣಿಗಾದ್ರೂ ಬಿತ್ತೋ, ನಿನ್ನ ಸುಮ್ನೆ ಬಿಡಲ್ಲ."

"ಹೂಂ ಅತ್ತೆ."

"ಹೂಂ ಅಲ್ಲ. ಎಲ್ಲಿ, ಈಗ್ಲೇ ಒಂದ್ಸಲ ಎದುರು ಮಾತಾಡು, ನೋಡೋಣ."

ಮವ್ಲುದಾ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಭಯ ಆಗುತ್ತೆ ಅತ್ತೆ" ಎಂದಳು.